ಒರತೆ ನೀರಿನ ರುಚಿ ಎಲ್ಲಿಂದ ಬರುತ್ತೆ?

ಅಂಗಡಿಯ ಬಾಟಲಿ ನೀರಿಗೆಲ್ಲ ನಾವು ‘ಮಿನರಲ್ ವಾಟರ್’ ಅಂತಲೇ ಅನ್ನುತ್ತೇವೆ. ಲೇಬಲ್ ಓದಿದರೆ ಅದರಲ್ಲಿ ಎರಡು ಜಾತಿ ಇರೋದು ಗೊತ್ತಾಗುತ್ತೆ. ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಅಂದ್ರೆ ಬೋರ್‌ವೆಲ್ಲೋ ನಲ್ಲಿಯೋ, ಸಿಕ್ಕ ನೀರನ್ನು ಸೋಸಿ ಶುದ್ಧ ಮಾಡಿ ತುಂಬಿದ್ದು. ಆರ್‌ಓ ಯಂತ್ರದಲ್ಲಿ ಲವಣವೆಲ್ಲ ಹೋಗುವುದರಿಂದ ಅದು ಸಪ್ಪೆ. ‘ನ್ಯಾಚುರಲ್ ಮಿನರಲ್ ವಾಟರ್’ ಅಂದ್ರೆ ನೆಲದೊಳಗಿನ ಮೂಲದ ನೀರು. ಅದರ ಲವಣಾಂಶ ಬದಲಿಸದೆ ಮೂಲದ ಹತ್ತಿರವೇ ಬಾಟಲಿಗೆ ಹಾಕುತ್ತಾರೆ. ಇದರ ಬೆಲೆಯೂ ಜಾಸ್ತಿ.

ಮಳೆ ನೀರಿಗೆ ಹೆಚ್ಚು ರುಚಿಯಿಲ್ಲ. ಮಣ್ಣಿನಲ್ಲಿ ಇಳಿಯುವಾಗ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲಾಮ್ಲ ಅದಕ್ಕೆ ಸೇರಿ ನೀರು ಚೂರು ಹುಳಿಯಾಗುತ್ತೆ. ಆ ಹುಳಿ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತೆ. ಹಾಗಾಗಿ ಕಲ್ಲು ಎಂಥದೋ ರುಚಿ ಅಂಥದು. ಫ್ರಾನ್ಸಿನ ಎವಿಯಾನ್ ಊರಿನ ನೀರು ಆಲ್ಪ್ಸ್ ಬೆಟ್ಟದ ತಪ್ಪಲಿನ ಮರಳಿನಲ್ಲಿ 15 ವರ್ಷಕ್ಕೂ ಹೆಚ್ಚು ಸೋಸಿ ಬರುತ್ತೆ ಅಂತ ಕಂಪನಿ ಹೇಳುತ್ತೆ. ಅದರಲ್ಲಿ ಲೀಟರಿಗೆ ಸುಮಾರು 80 ಮಿಲಿಗ್ರಾಂ ಕ್ಯಾಲ್ಸಿಯಂ. ಅದೇ ದೇಶದ ವೋಲ್ವಿಕ್ ನೀರು ಜ್ವಾಲಾಮುಖಿ ಕಲ್ಲಿನದು, ಕ್ಯಾಲ್ಸಿಯಂ 12 ಮಾತ್ರ, ಬಾಯಿಗೆ ಹಗುರ. ಜರ್ಮನಿಯ ಗೆರೋಲ್‌ಸ್ಟೈನ್ ನೀರಿನಲ್ಲಿ 350ರ ಹತ್ತಿರ, ಅದು ಗಡಸು.

ಕ್ಯಾಲ್ಸಿಯಂ ನೀರಿಗೆ ಮೈ ಕೊಡುತ್ತೆ. ಮೆಗ್ನೀಷಿಯಂ ಹೆಚ್ಚಾದರೆ ಕಹಿ, ಅಡಿಗೆ ಉಪ್ಪಿನಂಶ ಇದ್ದರೆ ಉಪ್ಪು, ಕಬ್ಬಿಣವಿದ್ದರೆ ತುಕ್ಕಿನ ವಾಸನೆ. ಎರಡು ನೀರು ಹೋಲಿಸಬೇಕಾದರೆ ಒಂದೇ ಬಗೆಯ ಲೋಟದಲ್ಲಿ, ಫ್ರಿಜ್ಜಿಗೆ ಇಡದೆ ಕುಡಿದು ನೋಡಿ. ತಣ್ಣಗಾದರೆ ರುಚಿ ಮರೆಯಾಗುತ್ತೆ. ಕುದಿಸಿದ ನೀರು ಸಪ್ಪೆ ಅನಿಸೋದು ಅದರೊಳಗಿನ ಗಾಳಿ ಹೋಗಿರುವುದರಿಂದ. ಆರಿದ ಮೇಲೆ ಎರಡು ಚೊಕ್ಕ ಪಾತ್ರೆಗಳಲ್ಲಿ ಹಿಂದೆ ಮುಂದೆ ಸುರಿದರೆ ಸರಿಹೋಗುತ್ತೆ.

ಆದರೆ ನಾಲಿಗೆಗೆ ತಿಳಿಯದ್ದೂ ಉಂಟು. ನಮ್ಮ ಬಯಲುಸೀಮೆಯವರು ಇದನ್ನು ಗಮನಿಸಬೇಕು. ಕೋಲಾರ, ಪಾವಗಡ ಕಡೆಯ ಕರಿಕಲ್ಲಿನ ಆಳದ ಬೋರ್ ನೀರಿನಲ್ಲಿ ಬಹಳ ಕಡೆ ಫ್ಲೋರೈಡ್ ಇದೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಇದಕ್ಕೆ ರುಚಿ, ಬಣ್ಣ, ವಾಸನೆ ಒಂದೂ ಇಲ್ಲ. ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲುತ್ತೆ. ಅಂದ್ರೆ ಬೇಳೆ ಬೇಗ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ ಅಂತ ನಾವು ‘ಸಿಹಿನೀರು’ ಅನ್ನೋ ಬೋರಿನಲ್ಲೇ ಅದು ಜಾಸ್ತಿ ಇರಬಹುದು. ಮಕ್ಕಳ ಹಲ್ಲು ಕಂದಾದ ಮೇಲೆ, ದೊಡ್ಡವರ ಸೊಂಟ ಮಂಡಿ ಹಿಡಿದುಕೊಂಡ ಮೇಲೆ ಗೊತ್ತಾದರೆ ಏನು ಬಂತು? ಕುದಿಸಿದರೂ ಹೋಗಲ್ಲ, ನೀರು ಬತ್ತಿ ಇನ್ನಷ್ಟು ಹೆಚ್ಚುತ್ತೆ.

ಹೊಸ ಬೋರ್ ಕೊರೆಸಿದವರು ಐದು ಹತ್ತು ನಿಮಿಷ ನೀರು ಹರಿಯಬಿಡಿ. ಚೊಕ್ಕ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿ, ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ನೋಡಲು ಹೇಳಿ. ಫ್ಲೋರೈಡ್ ಜಾಸ್ತಿ ಬಂದರೆ ಆ ನೀರು ಹೊಲಕ್ಕೆ, ಸ್ನಾನಕ್ಕೆ ಇರಲಿ. ಕುಡಿಯಲು, ಅಡಿಗೆಗೆ ಮಾಡಿನ ಮಳೆನೀರು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟು, ಕುದಿಸಿ ಬಳಸಿ. ಸಪ್ಪೆ ಅನಿಸಿದರೂ ಅದರಲ್ಲಿ ಕಲ್ಲಿನ ಫ್ಲೋರೈಡ್ ಇರಲ್ಲ.