ಒಂದೇ ಬೀಜ, ಬೇರಿನ ಆಳ ಬೇರೆ ಬೇರೆ



ಒಂದೇ ಚೀಲದ ಮುಸುಕಿನ ಜೋಳ, ಒಂದೇ ದಿನದ ಬಿತ್ತನೆ, ಒಂದೇ ಬಾವಿಯ ನೀರು. ಆದರೂ ಹೊಲದ ಒಂದು ಕಡೆ ಪೈರು ಹಸಿರಾಗಿರುತ್ತದೆ, ಇನ್ನೊಂದು ಕಡೆ ಎರಡು ದಿನದ ಬಿಸಿಲಿಗೇ ಬಾಡುತ್ತದೆ. ಪಲ್ಲಡಂ, ಉಡುಮಲೈ ಕಡೆಯ ಕೆಂಪು ಮಣ್ಣಿನಲ್ಲಿ ಇಂಥದ್ದನ್ನು ನೀವೂ ನೋಡಿರಬಹುದು. ಆಗ ನಾವು ಬೀಜವನ್ನು ದೂರುತ್ತೇವೆ, ಇಲ್ಲವೇ ಸಾಲ ಮಾಡಿ ಕೊಳವೆಬಾವಿಯನ್ನು ಇನ್ನಷ್ಟು ಆಳ ಮಾಡಿಸುತ್ತೇವೆ. ಕಾರಣ ಒಂದಡಿ ಆಳದಲ್ಲೇ ಇರಬಹುದು.

ಬೇರು ಕಣ್ಣಿಗೆ ಕಾಣದು. ಆದ್ದರಿಂದ ವಿಜ್ಞಾನಿಗಳು ಅದನ್ನು ಲೆಕ್ಕದಲ್ಲಿ ಹಿಡಿಯುತ್ತಾರೆ. ಗೇಲ್ ಮತ್ತು ಗ್ರಿಗಲ್ ಎಂಬ ಇಬ್ಬರು 1987ರಲ್ಲಿ ಮರಗಳ ಬೇರಿಗೆ ಬಳಸಿದ ಲೆಕ್ಕ ಸರಳವಾದದ್ದು. ಒಂದು ಗಿಡಕ್ಕೆ ನೂರು ಪಾಲು ಬೇರಿದೆ ಎನ್ನಿ. ಒಂದು ಸೆಂಟಿಮೀಟರ್ ಇಳಿದಾಗ 97 ಪಾಲು ಅದರ ಕೆಳಗಿರುತ್ತದೆ. ಇನ್ನೊಂದು ಇಳಿದಾಗ ಆ 97ರಲ್ಲಿ ನೂರಕ್ಕೆ 97ರಷ್ಟು. ಹೀಗೇ ಲೆಕ್ಕ ಹಾಕುತ್ತಾ ಹೋದರೆ 30 ಸೆಂ.ಮೀ. ಅಂದರೆ ಒಂದಡಿಯೊಳಗೆ 60 ಪಾಲು, ಅದರ ಕೆಳಗೆ 40 ಪಾಲು ಬೇರು ಸಿಗುತ್ತದೆ. 97ರ ಬದಲು 90 ಎಂದಿಟ್ಟರೆ ಒಂದಡಿಯೊಳಗೇ 96 ಪಾಲು. ಕೆಳಗಿನದು ಬರೀ 4 ಪಾಲು. ಮೇಲ್ಮಣ್ಣು ಒಣಗಿದ ದಿನ ಈ ಗಿಡಕ್ಕೆ ಆಸರೆಯೇ ಇಲ್ಲ.

ಇವೆರಡರ ಸರಾಸರಿ 78. ಆದರೆ ಅಂಥ ಗಿಡ ಹೊಲದಲ್ಲಿ ಒಂದೂ ಇಲ್ಲ! ಅದಕ್ಕೇ ಸರಾಸರಿಯೊಂದನ್ನೇ ನಂಬದೆ, ಗಿಡದಿಂದ ಗಿಡಕ್ಕೆ ಇರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ತರಬೇಕು.

ವ್ಯತ್ಯಾಸ ಏಕೆ? ಬೇರಿನ ಸ್ವಭಾವ ತಳಿಯಿಂದ ಬರುತ್ತದೆ. ಆದರೆ ತಳಿ ಒಂದೇ ಆಗಿದ್ದರೆ ಮಣ್ಣನ್ನು ನೋಡಬೇಕು. ಕೆಲವು ಕೆಂಪು ಮಣ್ಣುಗಳಲ್ಲಿ ಸ್ವಲ್ಪ ಆಳದಲ್ಲೇ ಗಟ್ಟಿ ಪದರವಿರುತ್ತದೆ. ಪ್ರತಿ ವರ್ಷ ಒಂದೇ ಆಳಕ್ಕೆ ಉಳುವುದರಿಂದಲೂ ಅದು ಬಿಗಿಯಾಗುತ್ತದೆ. ಬೇರು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ. ಬಿತ್ತುವವನ ಸಾಮತಿಯಲ್ಲಿ ಕಲ್ಲುನೆಲದ ಸಸಿ ಬಾಡಿದ್ದೂ ಬೇರಿಳಿಯಲು ಮಣ್ಣಿಲ್ಲದೆಯೇ.

ಮಾಡಬೇಕಾದದ್ದು ಇಷ್ಟು. ಮಣ್ಣು ಹಸಿಯಿರುವಾಗ ಹೊಲದ ಐದು ಕಡೆ, ಚೆನ್ನಾಗಿರುವ ಗಿಡದ ಪಕ್ಕವೂ ಬಾಡಿದ ಗಿಡದ ಪಕ್ಕವೂ, ಒಂದೂವರೆ ಅಡಿ ಅಗೆದು ನೋಡಿ. ಬೇರುಗಳು ಒಂದೇ ಆಳದಲ್ಲಿ ಅಡ್ಡ ತಿರುಗಿದ್ದರೆ ಗಟ್ಟಿ ಪದರವಿದೆ ಎಂದು ತಿಳಿಯಿರಿ. ಸದ್ಯದ ಬೆಳೆಗೆ ಆ ಭಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ನೀರು ಕೊಡಿ. ಮುಂದಿನ ಬಿತ್ತನೆಗೆ ಮೊದಲು, ಮಣ್ಣು ಒಣಗಿದಾಗ, ಇಲ್ಲಿ ಉಳಿ ಕಲಪ್ಪೈ ಎನ್ನುವ ಚಿಸೆಲ್ ನೇಗಿಲನ್ನು ಅರ್ಧ ಮೀಟರ್ ಅಂತರದಲ್ಲಿ, ಉದ್ದಕ್ಕೂ ಅಡ್ಡಕ್ಕೂ ಓಡಿಸಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಇದೇ.

ಕೊಳವೆಬಾವಿಗೆ ಸಾಲ ಕೇಳುವ ಮೊದಲು ಗುದ್ದಲಿ ಹಿಡಿಯಿರಿ. ಐದು ಗುಂಡಿಗೆ ಒಂದು ಬೆಳಗಿನ ಕೆಲಸ ಸಾಕು.