ಗೊಂದಲವೇ ಯುದ್ಧವಾದ ಬಗೆ

ಮಿಕ್ಸಿ ಕೊಳ್ಳುವಾಗ ಅಂಗಡಿಯವರನ್ನು ಕೇಳುತ್ತೇವೆ: ‘ಇದಕ್ಕೆ ಗ್ಯಾರಂಟಿಯೋ, ವಾರಂಟಿಯೋ?’ ವ್ಯಾಪಾರದಲ್ಲಿ ಎರಡೂ ಬೇರೆ. ಹುಟ್ಟಿನಲ್ಲಿ ಎರಡೂ ಒಂದೇ ಪದ. ಅವು ಕವಲೊಡೆದ ಜಾಗದಲ್ಲೇ ಫ್ರೆಂಚರ ಯುದ್ಧದ ಪದವೂ ಸಿಗುತ್ತದೆ.

ಫ್ರೆಂಚಿನಲ್ಲಿ ಯುದ್ಧಕ್ಕೆ ‘ಗೇರ್’ ಎನ್ನುತ್ತಾರೆ. ಫ್ರೆಂಚ್ ಹುಟ್ಟಿದ್ದು ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ಯುದ್ಧ ‘ಬೆಲ್ಲುಮ್’. ದಂಡೆತ್ತಿ ಹೋಗುವುದನ್ನೇ ಬಾಳಾಗಿಸಿಕೊಂಡಿದ್ದ ರೋಮನ್ನರ ಈ ಪದ ಫ್ರೆಂಚರ ಆಡುಮಾತಿಗೆ ಇಳಿಯಲೇ ಇಲ್ಲ. 5ನೇ ಶತಮಾನದ ಕೊನೆಯ ಹೊತ್ತಿಗೆ, ಆಗ ಗಾಲ್ ಎನಿಸಿಕೊಂಡಿದ್ದ ಅವರ ನಾಡಿನ ಅಧಿಕಾರ ಫ್ರಾಂಕರೆಂಬ ಜರ್ಮಾನಿಕ್ ಜನರ ಕೈಸೇರುತ್ತಿತ್ತು. ದೇಶಕ್ಕೆ ಫ್ರಾನ್ಸ್ ಎಂಬ ಹೆಸರು ಬಂದದ್ದೂ ಅವರಿಂದಲೇ. ಅವರ ನುಡಿಯ ‘ವೆರ್ರಾ’ ಯುದ್ಧದ ಪದವಾಯಿತು. ಲ್ಯಾಟಿನ್ನಿನ ಪದ ಸೋಲಲು ಇನ್ನೊಂದು ಕಾರಣವನ್ನೂ ಹೇಳುತ್ತಾರೆ: ಅಲ್ಲಿ ‘ಬೆಲ್ಲುಸ್’ ಎಂದರೆ ಚೆಲುವ. ಪದಗಳ ಕೊನೆ ಸವೆದಾಗ ಯುದ್ಧವೂ ಚೆಲುವೂ ಒಂದೇ ಥರ ಕೇಳಿಸತೊಡಗಿದವು. ಉಳಿದುಕೊಂಡದ್ದು ಚೆಲುವು, ಇಂದಿಗೂ ಫ್ರೆಂಚಿನಲ್ಲಿ ‘ಬೆಲ್’ ಎಂದರೆ ಚೆಲುವೆ.

ನನ್ನನ್ನು ಹಿಡಿದು ನಿಲ್ಲಿಸುವುದು ವೆರ್ರಾದ ಮೂಲ ಅರ್ಥ: ಕಲಹ, ಗೊಂದಲ, ಸಿಕ್ಕು. ಜರ್ಮನ್ನಿನಲ್ಲಿ ಈಗಲೂ ‘ವಿರ್’ ಎಂದರೆ ಗೋಜಲು. ಹಳೆಯ ರೋಮಿನಲ್ಲಿ ಪುರೋಹಿತರು ಗಡಿಗೆ ಹೋಗಿ ವಿಧಿವತ್ತಾಗಿ ಬೆಲ್ಲುಮ್ ಸಾರುತ್ತಿದ್ದರು. ವೆರ್ರಾ ಎಂಬ ಪದದಲ್ಲಿ ಅಂಥ ವಿಧಿಯ ನೆರಳೂ ಇಲ್ಲ. ಯುದ್ಧದೊಳಗೆ ಸಿಕ್ಕಿಕೊಂಡವರ ಅನುಭವಕ್ಕೆ ಇದೇ ಹೆಚ್ಚು ಹತ್ತಿರವೆಂದು ನನಗನ್ನಿಸುತ್ತದೆ.

ಇನ್ನು ‘ವೆ’ ‘ಗೆ’ ಆದದ್ದು. ತುಟಿ ದುಂಡಗೆ ಮಾಡಿ ನುಡಿಯುವ ಜರ್ಮಾನಿಕ್ ವಕಾರ ಗಾಲ್‌ನ ಜನರ ಬಾಯಿಗೆ ಒಗ್ಗಲಿಲ್ಲ. ಅವರು ಹಿಂದೊಂದು ಗಕಾರ ಸೇರಿಸಿ ‘ಗ್ವೆ’ ಎಂದರು. ಕ್ರಮೇಣ ವಕಾರ ಉದುರಿ ‘ಗೆ’ ಉಳಿಯಿತು. ಉತ್ತರದ ನಾರ್ಮಂಡಿಯವರು ಮಾತ್ರ ವಕಾರವನ್ನು ಬಿಡಲಿಲ್ಲ. 1066ರಲ್ಲಿ ಅವರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ‘ವೆರ್’ ಇಂಗ್ಲಿಷಿನ ‘ವಾರ್’ ಆಯಿತು. ಗೆದ್ದ ದೊರೆ ಇಂಗ್ಲಿಷರಿಗೆ ವಿಲಿಯಂ, ಫ್ರೆಂಚರಿಗೆ ಗಿಯೋಮ್. ಮುಂದೆ ಪ್ಯಾರಿಸ್ ಕಡೆಯ ಗಕಾರದ ರೂಪಗಳೂ ಇಂಗ್ಲಿಷಿಗೆ ಬಂದವು. ವಾರಂಟಿಯ ಪಕ್ಕದಲ್ಲಿ ಗ್ಯಾರಂಟಿ ಕೂತದ್ದು, ಹಾಸ್ಟೆಲ್ಲಿನ ವಾರ್ಡನ್ನಿಗೂ ಗೇಟಿನ ಗಾರ್ಡಿಗೂ ನಂಟು ಇರುವುದು ಹೀಗೆ.

ಸ್ಪೇನಿನಲ್ಲೂ ಯುದ್ಧಕ್ಕೆ ‘ಗೆರ್ರಾ’ ಎನ್ನುತ್ತಾರೆ. 1808ರಲ್ಲಿ ನೆಪೋಲಿಯನ್ನನ ಸೇನೆ ನುಗ್ಗಿದಾಗ ಅಲ್ಲಿನ ಜನ ಗುಂಪುಕಟ್ಟಿ, ಹೊಂಚುಹಾಕಿ ಬಿದ್ದು ಮರೆಯಾಗುತ್ತ ಕಾದಿದರು. ಆ ಕಾಳಗದಿಂದ ಜಗತ್ತಿಗೆಲ್ಲ ಹಬ್ಬಿದ ಪದ ನಮ್ಮ ಪತ್ರಿಕೆಗಳಲ್ಲೂ ಇದೆ: ಗೆರಿಲ್ಲಾ. ಸ್ಪ್ಯಾನಿಷರಿಗೆ ಅದರ ಅರ್ಥ ಪುಟ್ಟ ಯುದ್ಧ.