ಹೆಂಗಸರ ಆರೋಗ್ಯಕ್ಕೆ ಕಾರ್ಡೊಂದೇ ಸಾಲದು

ಸಹಕಾರ ಸಂಘಗಳ ಸದಸ್ಯರಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸೇರಿದೆ. ಸದಸ್ಯತ್ವ ಯಜಮಾನರ ಹೆಸರಿನಲ್ಲಿದ್ದರೂ ಮನೆಯ ಹೆಂಗಸರ ಹೆಸರು ಕಾರ್ಡಿನಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಆದರೆ ಈ ಕಾರ್ಡು ಮುಖ್ಯವಾಗಿ ಉಪಯೋಗಕ್ಕೆ ಬರುವುದು ಆಸ್ಪತ್ರೆಗೆ ಸೇರಿದ ಮೇಲೆ. ಹೆಂಗಸರನ್ನು ಹಣ್ಣುಮಾಡುವ ಕಾಯಿಲೆಗಳು ಅದಕ್ಕೆ ಬಹಳ ಮುಂಚೆಯೇ ಮೈಸೇರಿರುತ್ತವೆ. ರಕ್ತಹೀನತೆಯನ್ನೇ ನೋಡಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ, ಕಡಿಮೆಯಾದರೆ ಅದು ರಕ್ತಹೀನತೆಯೇ. ನಾವು ಮಾತ್ರ ಅದನ್ನು ಕಾಫಿ ಕುಯ್ಲಿನ ಸುಸ್ತೆಂದು ತಳ್ಳಿಹಾಕುತ್ತೇವೆ! ಗರ್ಭಕೋಶದ ಕಂಠದ ಕ್ಯಾನ್ಸರು ಬಲಿಯಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಮೊದಲೇ ಪತ್ತೆಯಾದರೆ ಬಹುಮಟ್ಟಿಗೆ ಗುಣವಾಗುತ್ತದೆ. 30 ವರ್ಷ ದಾಟಿದವರಿಗೆ ಇದರ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ವೈದ್ಯರ ಉಚಿತ ಪರೀಕ್ಷೆಯೂ ಇದೆ. ಕೊಳೆರೋಗಕ್ಕೆ ಮಳೆಗೆ ಮೊದಲೇ ಬೋರ್ಡೋ ಹೊಡೆಯುವ ನಮಗೆ ಈ ಲೆಕ್ಕ ಹೊಸದೇನಲ್ಲ.

ಈ ತಪಾಸಣೆಗಳು ತೋಟದ ಕೆಲಸದ ಹೆಂಗಸರಿಗೂ ಸಿಗುತ್ತವೆ. ಅವರು ಹೋದ ದಿನದ ಕೂಲಿ ಹಿಡಿಯಬಾರದೆಂಬುದು ನಮ್ಮ ಅಭಿಪ್ರಾಯ.

ಕಾರ್ಡಿಗೆ ಹೆಸರು ಸೇರಿಸಬೇಕಾದವರು ಪಡಿತರ ಚೀಟಿ ಮತ್ತು ಆಧಾರ್ ಪ್ರತಿಯೊಂದಿಗೆ ಸಂಘದ ಕಚೇರಿಯಲ್ಲಿ ವಿಚಾರಿಸತಕ್ಕದ್ದು.